ಸೀಳುತುಟಿ ಆಪರೇಷನ್ ಆದ ಮೇಲೂ ಉಳಿದ ಡೊಂಕು: ಡಾಕ್ಟರ್ ಮೇಡಂಗೆ ಕೇಳಿ

ಪ್ರಶ್ನೆ (ಚಳ್ಳಕೆರೆಯ ತಾಯಿ): ಮೇಡಂ, ಮಗಳಿಗೆ 6 ವರ್ಷ. 5 ತಿಂಗಳ ಕೂಸಿದ್ದಾಗ ಸೀಳುತುಟಿಗೆ ಆಪರೇಷನ್ ಆಗಿತ್ತು. ಅಂಚಿನಲ್ಲಿ ಸಣ್ಣ ಕಚ್ಚು ಉಳಿದಿದೆ. ಸುಮ್ನೆ ಇದ್ದಾಗ ಜಾಸ್ತಿ ಕಾಣಲ್ಲ, ಬಲೂನು ಊದುವಾಗ ಕಲೆಯ ಪಕ್ಕ ಉಬ್ಬುತ್ತದೆ. ಶಾಲೆಯಲ್ಲಿ ರೇಗಿಸುತ್ತಾರೆ. ಅತ್ತೆ ಗ್ರಹಣದ ದೋಷ ಅಂತಾರೆ. ಕಲೆಗೆ ಮುಲಾಮು ಇದೆಯಾ?

ಉತ್ತರ (ಪ್ಲಾಸ್ಟಿಕ್ ಸರ್ಜನ್, ದಾವಣಗೆರೆ): ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಅತ್ತೆಗೆ ನನ್ನ ಹೆಸರು ಹೇಳಿಬಿಡಿ. ಬಲೂನಿನ ವಿಷಯ ಬರೆದಿದ್ದು ಒಳ್ಳೇದಾಯ್ತು, ಎಲ್ಲರೂ ಬರೀ ಫೋಟೋ ಕಳಿಸುತ್ತಾರೆ. ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಸೀಳಿದ ತುಟಿಯಲ್ಲಿ ಅದು ತುಂಡಾಗಿ ಮೂಗಿನ ಬುಡಕ್ಕೆ ಅಂಟಿರುತ್ತದೆ. ಮೊದಲ ಸಲ ಅದು ಪೂರ್ತಿ ಕೂಡದಿದ್ದರೆ, ಅಥವಾ ಕೂಡಿದ್ದು ಬಿಟ್ಟುಕೊಂಡರೆ, ಊದುವಾಗ ಹೀಗೆ ಉಬ್ಬುತ್ತದೆ. ಅಲ್ಲಿಗೆ ಮುಲಾಮು ಮುಟ್ಟಲ್ಲ. ಹಳೆ ಕಲೆ ತೆಗೆದು, ಸ್ನಾಯು ಬಿಡಿಸಿ, ಮತ್ತೆ ಜೋಡಿಸಬೇಕು. ಕೆಂಪು ಅಂಚು 1 ಮಿಲಿಮೀಟರ್ ಏರುಪೇರಾದರೂ ಎದುರಿಗೆ ಕೂತವರಿಗೆ ಗೊತ್ತಾಗುತ್ತದೆ. ಅದನ್ನೂ ಆಗಲೇ ಸರಿಮಾಡಬಹುದು. ಈ ವಯಸ್ಸಿನಲ್ಲೇ ಮಾಡಿಸಬಹುದು. ಹೊಸ ಗೆರೆ ತಿಳಿಯಾಗಲು ವರ್ಷವಾದರೂ ಬೇಕು. ಗುರುತೇ ಇಲ್ಲದ ಹಾಗೆ ಮಾಡ್ತೀವಿ ಅಂದವರನ್ನು ನಂಬಬೇಡಿ.

ವಸಡೂ ಸೀಳಿತ್ತಾ? ಹಾಗಿದ್ದರೆ ಹಲ್ಲಿನ ಡಾಕ್ಟರಿಗೂ ತೋರಿಸಿಡಿ. ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಬರುವ ಮೊದಲು, ಸೊಂಟದ ಮೂಳೆ ಸ್ವಲ್ಪ ತೆಗೆದು ಅಲ್ಲಿ ತುಂಬುತ್ತಾರೆ.

ಪ್ರಶ್ನೆ (ಜಗಳೂರು, 22 ವರ್ಷದ ಯುವಕ): ನನಗೆ ಎರಡೂ ಕಡೆ ಸೀಳಿತ್ತು. ಈಗ ಮೇಲ್ತುಟಿ ಬಿಗಿ, ಕೆಳತುಟಿ ಮುಂದೆ ಚಾಚಿದೆ, ಮೂಗು ಚಪ್ಪಟೆ. ಕೆಳತುಟಿ ಕತ್ತರಿಸಿ ಮೇಲೆ ಹಾಕ್ತಾರಂತೆ, ನಿಜವಾ?

ಉತ್ತರ: ನಿಜ ತಮ್ಮ. ನ್ಯೂಯಾರ್ಕಿನ ಸರ್ಜನ್ ರಾಬರ್ಟ್ ಆಬೆ 1898ರಲ್ಲೇ ಬರೆದಿಟ್ಟ ವಿಧಾನ. ಕೆಳತುಟಿಯ ನಡುವಿನ ತುಂಡನ್ನು ರಕ್ತನಾಳ ಕಡಿಯದೆ ತಿರುಗಿಸಿ ಮೇಲ್ತುಟಿಗೆ ಹೊಲಿಯುತ್ತೇವೆ. ಎರಡು ಮೂರು ವಾರ ತುಟಿಗಳು ನಡುವೆ ಅಂಟಿಕೊಂಡೇ ಇರುತ್ತವೆ, ಆಮೇಲೆ ಬಿಡಿಸುತ್ತೇವೆ. ಅಲ್ಲಿತನಕ ಪಕ್ಕದಿಂದ ಗಂಜಿ, ಜ್ಯೂಸ್. ಮಂಡಕ್ಕಿ ಮಿರ್ಚಿ ಬಂದ್! ಆದರೆ ಎಲ್ಲರಿಗೂ ಇದು ಬೇಕಾಗಲ್ಲ. ಮೇಲ್ದವಡೆ ಹಿಂದೆ ಉಳಿದಿದ್ದರೂ ಕೆಳತುಟಿ ಚಾಚಿದ ಹಾಗೆ ಕಾಣುತ್ತದೆ. ಆಗ ಮೊದಲು ದವಡೆ, ಮೂಗು ಆಮೇಲೆ. ಎಕ್ಸ್‌ರೇ ನೋಡದೆ ಯಾವುದಕ್ಕೂ ಒಪ್ಪಬೇಡ.

ಪ್ರಶ್ನೆ (ಹೊಳಲ್ಕೆರೆ): ಖರ್ಚು ಭರಿಸೋಕೆ ಆಗಲ್ಲ ಮೇಡಂ, ಏನು ದಾರಿ?

ಉತ್ತರ: 18 ವರ್ಷದೊಳಗಿನ ಮಗುವಾದರೆ ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ಕೇಳಿ, ಅವರ ಪಟ್ಟಿಯಲ್ಲಿ ಸೀಳುತುಟಿ ಇದೆ. ಸ್ಮೈಲ್ ಟ್ರೈನ್ ಎಂಬ ಸೇವಾ ಸಂಸ್ಥೆಯ ಜೊತೆ ಸೇರಿದ ಆಸ್ಪತ್ರೆಗಳಲ್ಲೂ ಸೀಳುತುಟಿ ಆಪರೇಷನ್ ಉಚಿತ. ತಿದ್ದುವ ಆಪರೇಷನ್‌ಗೂ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ. ಹಳೆ ಡಿಸ್ಚಾರ್ಜ್ ಚೀಟಿ, ಮಗು ಪೀಪಿ ಊದುವ ವಿಡಿಯೋ ಎರಡನ್ನೂ ತನ್ನಿ.