ಗೋವಿನಜೋಳದ ಸೈನಿಕ ಹುಳು: ಎಣಿಸಿ ಹೊಡೀಬೇಕೋ, ದಿನ ನೋಡಿ ಹೊಡೀಬೇಕೋ?

ಸುಳಿನೋಟ: ಹದಿನೈದನೇ ದಿನ ಒಂದು, ಮೂವತ್ತನೇ ದಿನ ಇನ್ನೊಂದು ಅಂತ ದಿನ ಲೆಕ್ಕ ಹಾಕಿ ಇಮಾಮೆಕ್ಟಿನ್ ಕೀಟನಾಶಕ ಹೊಡೆಯೋದು ಇನ್ನಾದರೂ ನಿಲ್ಲಬೇಕು. ಫಾಲ್ ಆರ್ಮಿವರ್ಮ್ ಅನ್ನೋ ಈ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡದ್ದೇ ನಮ್ಮ ರಾಜ್ಯದಲ್ಲಿ, 2018ರಲ್ಲಿ. ಇನ್ನೂ ನಾವು ಎಣಿಸೋದು ಕಲಿತಿಲ್ಲ. ಬದುವಿನ ಪಕ್ಕದ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ. ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲಿ, ಒಂದೊಂದು ಕಡೆ ಬಿಡದೆ 20 ಗಿಡದ ಸುಳಿ ನೋಡಿ. ಎಲೆಯ ಹಸಿರು ಕೆರೆದು ತಿಂದು ಕಾಗದದಂಥ ಬಿಳಿ ಪೊರೆ ಉಳಿದಿದ್ದರೆ ಅದು ಮರಿಹುಳು. ನೂರರಲ್ಲಿ 5 ಗಿಡಕ್ಕೆ ಬಂದಿದ್ದರೆ ಶೇ. 5ರ ಬೇವಿನ ಬೀಜದ ಕಷಾಯ ಸಾಕು. 10 ದಾಟಿದರೆ ಮಾತ್ರ ಇಮಾಮೆಕ್ಟಿನ್ 5 ಎಸ್‌ಜಿ, ಅಂದರೆ ನೀರಲ್ಲಿ ಕರಗುವ ಹರಳು, ಲೀಟರಿಗೆ 0.4 ಗ್ರಾಂ, ನಾಝಲ್ ಸುಳಿಗೆ ಹಿಡಿದು.

ಮಸಾರಿಹೊಲ: "ಎಣಿಸೋದು ಕಲಿತಿಲ್ಲ" ಅಂದ್ರಲ್ಲ, ಎಣಿಸೋಕೆ ಆಳು ಎಲ್ಲಿದ್ದಾರೆ ಸರ್? ಹುಳು ಸುಳಿಗೆ ಇಳಿದು ಮೇಲೆ ಹಿಕ್ಕೆ ಮುಚ್ಚಿಕೊಂಡರೆ ಯಾವ ಔಷಧವೂ ತಾಗಲ್ಲ. ಅದಕ್ಕೇ 15ನೇ ದಿನ ಹೊಡೆಯೋದು. ಜೊತೆಗೆ ಎಲೆ ಹಳದಿ ಆಗಿದ್ದರೆ ಎಕರೆಗೆ ಒಂದು ಚೀಲ ಯೂರಿಯಾ ಕೊಟ್ಟುಬಿಡಿ, ಗಿಡ ಹುಳುವನ್ನ ಮೀರಿ ಬೆಳೀತದೆ.

ಎರೆಭೂಮಿ: "ಹಳದಿ ಆಗಿದ್ದರೆ ಯೂರಿಯಾ" ಅನ್ನೋ ಈ ಮಾತೇ ಅರ್ಧ ಬೆಳೆ ಹಾಳು ಮಾಡಿರೋದು. ಯಾವ ಎಲೆ ಹಳದಿ? ಕೆಳಗಿನ ಹಳೇ ಎಲೆ, ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿ ಬಂದಿದ್ದರೆ ಸಾರಜನಕದ ಕೊರತೆ. ಮೇಲಿನ ಎಳೆ ಎಲೆ, ಬುಡದ ಕಡೆ ನಡುನರದ ಎರಡೂ ಬದಿ ಬಿಳಿ ಪಟ್ಟೆ ಇದ್ದರೆ ಸತು. ಅದಕ್ಕೆ ಯೂರಿಯಾ ಏನು ಮಾಡುತ್ತೆ?

ಮಸಾರಿಹೊಲ: ಸತುವಿಗೆ ಬಿತ್ತುವಾಗಲೇ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕಿರ್ತೀವಿ. ನಾನು ಹೇಳ್ತಿರೋದು ಮಳೆ ಹಿಡಿದ ಮೇಲೆ ಇಡೀ ಹೊಲ ಹಳದಿ ಆಗೋದು. ಅದು ಸಾರಜನಕ ಹೋಗಿರೋದೇ.

ಎರೆಭೂಮಿ: "ಇಡೀ ಹೊಲ", "ಮಳೆ ಹಿಡಿದ ಮೇಲೆ" ಅಂತ ನೀವೇ ಬರೆದಿದ್ದೀರಿ. ಅಂದರೆ ಬೇರಿಗೆ ಗಾಳಿ ಇಲ್ಲ. ಎರಡು ದಿನ ನೀರು ನಿಂತರೆ ಮಣ್ಣಿನ ಆಮ್ಲಜನಕ ಮುಗೀತದೆ, ಬೇರು ಗೊಬ್ಬರ ಎಳೆಯೋದೇ ಇಲ್ಲ. ಒಂದು ಗಿಡ ಬೇರು ಸಮೇತ ಕಿತ್ತು ಬುಡದಿಂದ ಉದ್ದಕ್ಕೆ ಸೀಳಿ ನೋಡಿ. ಐದಾರು ಎಲೆ ಪೂರ್ತಿ ಬಿಚ್ಚುವ ತನಕ ಬೆಳೆಯುವ ಮೊನೆ ನೆಲದ ಕೆಳಗೇ ಇರುತ್ತೆ. ಬಿಳಿಯಾಗಿ ಗಟ್ಟಿ ಇದ್ದರೆ ಗಿಡ ಬದುಕುತ್ತೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದಕ್ಕೆ ಹಾಕಿದ ಯೂರಿಯಾ ಹಳ್ಳಕ್ಕೆ ಹೋಯ್ತು. ನಿಂತ ನೀರಲ್ಲಿ ಸಾರಜನಕ ಅನಿಲವಾಗಿ ಹಾರಿಹೋಗುತ್ತೆ ಅನ್ನೋದು ಕೃಷಿ ಪದವಿ ಓದುವ ಹುಡುಗರಿಗೂ ಗೊತ್ತು.

ಗೊಬ್ಬರಲೆಕ್ಕ: ಪದವಿ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ಅನಿಲವಾಗಿ ಹಾರೋದು ನೈಟ್ರೇಟ್ ರೂಪದ ಸಾರಜನಕ, ಯೂರಿಯಾ ಅಲ್ಲ. ಯೂರಿಯಾ ಮೊದಲು ಅಮೋನಿಯಂ ಆಗಬೇಕು, ಅದು ನೈಟ್ರೇಟ್ ಆಗೋಕೆ ಗಾಳಿ ಬೇಕು. ನಿಂತ ನೀರಲ್ಲಿ ಗಾಳಿ ಇಲ್ಲ ಅಂತ ಹೇಳಿದವರೇ ನೀವು. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಎರೆಭೂಮಿ: ಮಣ್ಣಲ್ಲಿ ಮೊದಲೇ ಇದ್ದ ನೈಟ್ರೇಟ್ ಹಾರುತ್ತೆ, ಹೊಸದಾಗಿ ಹಾಕಿದ ಯೂರಿಯಾ ನೀರಲ್ಲಿ ಕರಗಿ ಹರಿದುಹೋಗುತ್ತೆ. ಎರಡೂ ನಷ್ಟವೇ. ಪದ ಹಿಡಿದು ಜಗ್ಗಬೇಡಿ.

ಗೊಬ್ಬರಲೆಕ್ಕ: ಪದ ಅಲ್ರೀ, ಕಾರಣವೇ ತಪ್ಪು ಹೇಳಿದ್ರಿ. ಮೊದಲ ಸಲ "ಅನಿಲ" ಅಂದ್ರಿ, ಈಗ "ಹರಿದುಹೋಗುತ್ತೆ" ಅಂತೀರಿ. ಇಳಿಜಾರಿಲ್ಲದ ಎರೆ ಹೊಲದಲ್ಲಿ ಎಲ್ಲಿಗೆ ಹರೀತದೆ?

ಮಸಾರಿಹೊಲ: ಕೇಳಿದ್ರಾ ಎರೆಭೂಮಿಯವರೇ? ಮಳೆಯಾಶ್ರಯದ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಅಂತ ಶಿಫಾರಸು ಇದೆ, ಎಕರೆಗೆ 40. ಒಂದು ಚೀಲ ಯೂರಿಯಾ 45 ಕೆ.ಜಿ., ಅದರಲ್ಲಿ ಸಾರಜನಕ 21 ಕೆ.ಜಿ.ಗೂ ಕಡಿಮೆ. ಅತಿಯಾಯ್ತು ಅಂತ ಯಾರು ಹೇಳ್ತಾರೆ?

ಎರೆಭೂಮಿ: ಅತಿಯಾಯ್ತು ಅಂತ ನಾನು ಎಲ್ಲೂ ಅಂದಿಲ್ಲ! ಹೊತ್ತು ತಪ್ಪು ಅಂದೆ. ಆ ಶಿಫಾರಸಿನಲ್ಲೇ ಮೇಲುಗೊಬ್ಬರ 30ನೇ ದಿನಕ್ಕೆ ಅಂತಿದೆ, ಅದನ್ನ ಯಾಕೆ ಬಿಟ್ಟು ಓದಿದ್ರಿ? ಮೊದಲು ಬಸಿಗಾಲುವೆ ತೆಗೆದು ನೀರು ಇಳಿಸಿ. ಹದ ಬಂದ ಮೇಲೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮಣ್ಣು ಸಡಿಲಿಸಿ, ಆಮೇಲೆ ಸಾಲಿನ ಪಕ್ಕ ಯೂರಿಯಾ ಬಿಟ್ಟು ಮಣ್ಣು ಮುಚ್ಚಿ. ಹಸಿ ನೆಲದ ಮೇಲೆ ಹರಡಿ ಬಿಸಿಲು ಬಿದ್ದರೆ ಅಮೋನಿಯಾ ಹಾರುತ್ತೆ. ಇದಕ್ಕಾದರೂ ಒಪ್ಪಿಗೆ ಇದೆಯಾ ಗೊಬ್ಬರಲೆಕ್ಕ ಅವರೇ?

ಗೊಬ್ಬರಲೆಕ್ಕ: ಮಣ್ಣು ಮುಚ್ಚಬೇಕು ಅನ್ನೋದನ್ನ ಯಾರೂ ಅಲ್ಲಗಳೆದಿಲ್ಲ.

ಸುಳಿನೋಟ: ಹುಳುವಿನ ಮಾತು ಎಲ್ಲಿಗೆ ಹೋಯ್ತು? ಮಸಾರಿಹೊಲ ಅವರೇ, ಸುಳಿಗೆ ಇಳಿದ ದೊಡ್ಡ ಹುಳುವಿಗೂ ಮದ್ದಿದೆ. 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಡಿ. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ, ಕೈಗವಸು ಹಾಕಿಕೊಂಡು ಸುಳಿಗೆ ಉದುರಿಸಿ. ಅದು ಒಂದೆಕರೆಗೆ. ಕುರಿ, ದನ ಹೊಲದ ಹತ್ತಿರ ಬಿಡಬಾರದು.

ಮಸಾರಿಹೊಲ: ನೂರು ಗಿಡ ಎಣಿಸೋಕೆ ಆಳಿಲ್ಲ ಅಂದ್ರೆ, ಎಕರೆಗೆ ಮೂವತ್ತು ಸಾವಿರ ಸುಳಿಗೆ ಕೈಯಿಂದ ತೌಡು ಉದುರಿಸು ಅಂತೀರಿ.

ಸುಳಿನೋಟ: ಮೂವತ್ತು ಸಾವಿರ ಅಂತ ಎಣಿಸಿ ಹೇಳಿದ್ರಾ? 60 ಸೆಂ.ಮೀ. ಸಾಲಿನಲ್ಲಿ 22 ಅಡಿ ಅಳೆದು ಅಲ್ಲಿರೋ ಗಿಡ ಎಣಿಸಿ, ಸಾವಿರದಿಂದ ಗುಣಿಸಿ. ಅದೇ ಎಕರೆಯ ಲೆಕ್ಕ. 33 ಬರಬೇಕು. 22, 23 ಬಂದರೆ ಹುಳುವಿಗಿಂತ ಮೊದಲು ಬಿತ್ತನೆ ಹೇಗಾಯ್ತು ಅಂತ ನೋಡಿ.

ಸೋಯಾಸಾಲು: ಅದೇ ಲೆಕ್ಕ ಸೋಯಾಕ್ಕೆ 44 ಅಡಿ, ಸಾಲಿನ ಅಂತರ 30 ಸೆಂ.ಮೀ. ಇದ್ದರೆ. ಸೋಯಾದಲ್ಲಿ ಬಾಡಿದ ಗಿಡ ಕಂಡರೆ ಕಾಂಡ ಸೀಳಿ. ಒಳಗೆ ಕೆಂಪು ಸುರಂಗ ಇದ್ದರೆ ಕಾಂಡ ನೊಣ, ನೀರಿನ ಕೊರತೆ ಅಲ್ಲ. ಮತ್ತೆ ಗೋವಿನಜೋಳದ ನಡುವೆ ಸೋಯಾ ಹಾಕಿದವರು ಅಟ್ರಾಜಿನ್ ಕಳೆನಾಶಕ ಮುಟ್ಟಬೇಡಿ, ಸೋಯಾ ಸುಟ್ಟು ಹೋಗುತ್ತೆ. ಬಿತ್ತಿದ ಮೇಲೆ, ಮೊಳಕೆ ಬರುವ ಮುಂಚೆ ಪೆಂಡಿಮೆಥಾಲಿನ್ ಕಳೆನಾಶಕ ಹೊಡೆದರೆ ಎರಡಕ್ಕೂ ಆಗುತ್ತೆ. ಸೋಯಾ ಹಳದಿ ಕಂಡ ಕೂಡಲೇ ಯೂರಿಯಾ ಸುರಿಯಬೇಡಿ. ಬೇರಿನ ಗಂಟು ಒಡೆದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಅದೇ ಸಾರಜನಕ ಮಾಡಿಕೊಳ್ತಿದೆ.

ಮಸಾರಿಹೊಲ: ಸೋಯಾ ಮಾತು ಯಾರೂ ಕೇಳಿಲ್ಲ. ಎರೆಭೂಮಿಯವರೇ, ಹದ ಬರೋ ತನಕ ಕಾಯಿರಿ ಅಂದ್ರಲ್ಲ, ಜುಲೈನಲ್ಲಿ ಎಂಟು ದಿನ ಜಿಟಿಜಿಟಿ ಮಳೆ ಬಿಡದಿದ್ದರೆ ಎಡೆಕುಂಟೆ ಯಾವತ್ತು ಹೊಡೀಬೇಕು? ಅದಕ್ಕೆ ಉತ್ತರ ಕೊಡಿ.