ವಾಲಾಡುವ ಬೆಕ್ಕಿನ ಮರಿಗೆ ಎಂಥ ಟ್ರೇ ಇಡಬೇಕು? ಸಹಾಯ ಬೇಕು

ನಮಸ್ಕಾರ. ನಮ್ಮ ಬೆಕ್ಕಿನ ಮರಿ ನಿಂತರೆ ತಲೆ ನಡುಗುತ್ತದೆ, ನಡೆದರೆ ಪಕ್ಕಕ್ಕೆ ಬೀಳುತ್ತದೆ. ಸೆರೆಬೆಲ್ಲರ್ ಹೈಪೋಪ್ಲೇಸಿಯಾ ಅಂತ ಡಾಕ್ಟರ್ ಹೇಳಿದ್ದಾರೆ. ಅಂದರೆ ಸಮತೋಲನ ನೋಡಿಕೊಳ್ಳುವ ಕಿರುಮೆದುಳು ಪೂರ್ತಿ ಬೆಳೆದಿಲ್ಲ. ಬಸುರಿ ಬೆಕ್ಕಿಗೆ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ತಗುಲಿದರೆ ಮರಿಗೆ ಹೀಗಾಗಬಹುದಂತೆ. ವಾಸಿಯಾಗುವುದಿಲ್ಲ. ಆದರೆ ನೋವಿಲ್ಲ, ಜಾಸ್ತಿಯೂ ಆಗುವುದಿಲ್ಲ. ಅದೇ ದೊಡ್ಡ ಸಮಾಧಾನ.

ಜಾರದಂತೆ ನೆಲಕ್ಕೆ ಮ್ಯಾಟ್ ಹಾಸಿದ್ದೇವೆ. ಬಟ್ಟಲನ್ನು ಸ್ವಲ್ಪ ಎತ್ತರಿಸಿಟ್ಟ ಮೇಲೆ ಮುಖ ಬಡಿದುಕೊಳ್ಳುವುದೂ ಕಡಿಮೆಯಾಗಿದೆ. ಕಷ್ಟ ಇರುವುದು ಲಿಟರ್ ಟ್ರೇಯಲ್ಲಿ, ಅಂದರೆ ಮರಿ ಮಲಮೂತ್ರ ಮಾಡುವ ಟ್ರೇಯಲ್ಲಿ. ಪಾಪ, ತಾನೇ ಹೋಗುತ್ತದೆ, ಕೂತ ತಕ್ಷಣ ಉರುಳಿ ಮೈಯೆಲ್ಲ ಹೊಲಸಾಗುತ್ತದೆ. ಒಂದು ಕಡೆ ತಗ್ಗು, ಉಳಿದ ಕಡೆ ಎತ್ತರ ಇರುವ ಟ್ರೇ ಆದರೆ ಒರಗಿಕೊಂಡು ನಿಲ್ಲುತ್ತದಾ? ಪದೇ ಪದೇ ಸ್ನಾನ ಮಾಡಿಸದೆ ಹೇಗೆ ಶುಚಿ ಮಾಡುತ್ತೀರಿ? ಇಂಥ ಮರಿ ಸಾಕಿದವರು ದಯವಿಟ್ಟು ಹೇಳಿ. ಬೇರೆಯವರಿಗೆ ಕೊಟ್ಟುಬಿಡಿ ಅನ್ನಬೇಡಿ, ಇದು ನಮ್ಮಲ್ಲೇ ಇರುತ್ತದೆ.