ಕಾರು ಮಾರಿ ಆಯ್ತು, ಆರ್‌ಸಿ ಇನ್ನೂ ನಮ್ಮ ಹೆಸರಲ್ಲೇ ಇದೆ. ಹೊಣೆ ಯಾರದು?

ಹೊಂಗೆ ನೆರಳು:
ನಮ್ಮ ಮಾವ 2021ರಲ್ಲಿ ತಮ್ಮ ಕಾರನ್ನು ಬ್ರೋಕರ್ ಒಬ್ಬರ ಮೂಲಕ ಮಾರಿದರು. ದುಡ್ಡು ಪೂರ್ತಿ ಬಂತು. ಬ್ರೋಕರ್ ಫಾರ್ಮ್ 29 (ಮಾರಾಟ ತಿಳಿಸುವುದು), ಫಾರ್ಮ್ 30 (ಹೆಸರು ಬದಲಿಗೆ ಅರ್ಜಿ) ಎರಡಕ್ಕೂ ಸಹಿ ಹಾಕಿಸಿಕೊಂಡು, ಆರ್‌ಸಿ, ಇನ್ಶೂರೆನ್ಸ್ ಪೇಪರು, ಎರಡೂ ಕೀ ಒಯ್ದರು. ತಿಂಗಳೊಳಗೆ ಹೆಸರು ಬದಲಾಗುತ್ತೆ ಅಂದಿದ್ದರು. ಈಗ ಮಾವನ ಮೊಬೈಲಿಗೆ ಚಲನ್ ಮೆಸೇಜು ಬರತೊಡಗಿದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿದರೆ ಮಾಲೀಕರು ಈಗಲೂ ಮಾವನೇ, ಇನ್ಶೂರೆನ್ಸ್ ಅವಧಿ ಮುಗಿದುಹೋಗಿದೆ. ಬ್ರೋಕರ್ ಫೋನ್ ಎತ್ತುತ್ತಿಲ್ಲ. "ಡೆಲಿವರಿ ನೋಟ್ ಇದೆ, ನಮಗ್ಯಾಕೆ ಚಿಂತೆ" ಅಂತಾರೆ ಮಾವ. ನನಗೆ ಚಲನ್‌ಗಿಂತ ಹೆಚ್ಚು ಭಯ ಇರುವುದು ಬೇರೆ ವಿಷಯಕ್ಕೆ: ಆ ಕಾರು ಯಾರಿಗಾದರೂ ಗುದ್ದಿದರೆ ಏನು ಗತಿ? ತಿಳಿದವರು ದಯವಿಟ್ಟು ಹೇಳಿ.

ಗೇರ್ ಲಿವರ್:
ಮೇಡಂ, ಹಳೇ ಕಾರು ವ್ಯಾಪಾರದಲ್ಲಿ ಬಹಳ ವರ್ಷದಿಂದ ಇದ್ದೀನಿ. ಅಷ್ಟು ಗಾಬರಿ ಬೇಡ. ಡೆಲಿವರಿ ನೋಟ್‌ನಲ್ಲಿ ದಿನಾಂಕ, ಸಮಯ, ಕೊಂಡವರ ಸಹಿ ಇದ್ದರೆ, "ಈ ಹೊತ್ತಿನಿಂದ ಎಲ್ಲ ಜವಾಬ್ದಾರಿ ಕೊಂಡವರದು" ಅಂತ ಬರೆದಿದ್ದರೆ ಮಾವನ ಕಡೆಯಿಂದ ವ್ಯವಹಾರ ಮುಗಿಯಿತು. ಸರಕು ಮಾರಾಟ ಕಾಯ್ದೆ 1930ರ ಪ್ರಕಾರ ಕಾರು ಒಂದು ಚರಾಸ್ತಿ. ಹಣ ಕೊಟ್ಟು ವಸ್ತು ಕೈಗೆ ಬಂದರೆ ಒಡೆತನವೂ ಬಂದಂತೆ. ಆರ್‌ಸಿ ಅನ್ನೋದು ಸರ್ಕಾರದ ದಾಖಲೆ ಅಷ್ಟೇ.

ಕೋರ್ಟ್ ಹಾಲ್ 6:
ಗೇರ್ ಲಿವರ್ ಅವರೇ, ಮಾರಿದವರು ಮತ್ತು ಕೊಂಡವರ ನಡುವಿನ ಜಗಳಕ್ಕೆ ನಿಮ್ಮ ಮಾತು ಸರಿ. ಅಪಘಾತವಾದರೆ ಮಾತ್ರ ಅದು ನಿಲ್ಲುವುದಿಲ್ಲ. ಈ ನಂಬಿಕೆಯಿಂದಲೇ ಜನ ಕೋರ್ಟಿನಲ್ಲಿ ಕುಸಿದು ಕೂರುವುದನ್ನು ನೋಡುತ್ತಾ ಬಂದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(30) "ಮಾಲೀಕ" ಎಂದರೆ ಯಾರು ಅಂತ ಹೇಳುತ್ತದೆ: ವಾಹನ ಯಾರ ಹೆಸರಲ್ಲಿ ನೋಂದಣಿ ಆಗಿದೆಯೋ ಅವರು. ಸಾಲದ ಕರಾರು ಇದ್ದರೆ ವಾಹನ ಯಾರ ವಶದಲ್ಲಿದೆಯೋ ಅವರು, ಅಪ್ರಾಪ್ತರಾದರೆ ಪೋಷಕರು. ಹಣ ಕೊಟ್ಟು ಕೊಂಡು ಹೆಸರು ಬದಲಾಯಿಸದೇ ಓಡಿಸುವವರು ಆ ವ್ಯಾಖ್ಯೆಯಲ್ಲಿ ಇಲ್ಲ.

ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ನೋಂದಾಯಿತ ಮಾಲೀಕರು ಕಾರು ಮಾರಿದ್ದು 2007ರಲ್ಲಿ, ಅಪಘಾತ ಆದದ್ದು 2009ರಲ್ಲಿ. ಅಷ್ಟರಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಆರ್‌ಸಿಯಲ್ಲಿದ್ದದ್ದು ಮೊದಲಿನವರ ಹೆಸರೇ. ಹೈಕೋರ್ಟು ಅವರನ್ನು ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಬಿಡಲಿಲ್ಲ, ಪರಿಹಾರದ ಹೊಣೆಯನ್ನು ಅವರ ಮೇಲೇ ಹಾಕಿತು.

ಅದೇ ವರ್ಷ ಪ್ರಕಾಶ್ ಚಂದ್ ದಾಗಾ ಪ್ರಕರಣದಲ್ಲಿ ಮಾರಿ ಒಂದು ತಿಂಗಳೂ ಆಗಿರಲಿಲ್ಲ. ಆಗಲೂ ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು ಅಂತ ತೀರ್ಪಾಯಿತು.

ಜೋಳದ ಹೊಲ:
ಇದು ಯಾವ ನ್ಯಾಯಾ ರೀ? ರೊಕ್ಕಾ ಇಸ್ಕೊಂಡು ಗಾಡಿ ಕೊಟ್ಟ ಮ್ಯಾಲೆ ಅದನ್ನ ಯಾರು ಹೊಡೀತಾರ, ಎಲ್ಲಿ ಹೊಡೀತಾರ ಅಂತ ಆ ಹಿರಿಯರು ಕಾಯ್ಕೋತ ಕುಂದರಬೇಕೇನು? ಕುಡದು ಗಾಡಿ ಹೊಡೆದಾವ ಒಬ್ಬ, ದಂಡಾ ಕಟ್ಟಾವ ಮತ್ತೊಬ್ಬ. ಹೆಸರು ಬದಲಿ ಮಾಡ್ಸೂದು ಕೊಂಡಾವನ ಕೆಲಸ. ಅಂವ ಮಾಡ್ಲಿಲ್ಲಂದ್ರ ಅವನ್ನ ಹಿಡೀರಿ. ನಮ್ಮ ಕಡೆ ಎಷ್ಟೋ ಮಂದಿ ಟ್ರ್ಯಾಕ್ಟರ್, ಟೆಂಪೋ ಹಿಂಗ ಬರೇ ಬಾಂಡ್ ಪೇಪರ್ ಮ್ಯಾಲೆ ಮಾರ್ಯಾರ. ಅವರೆಲ್ಲಾ ಕಳ್ಳರೇನು?

ಕೋರ್ಟ್ ಹಾಲ್ 6:
ಯಾರೂ ಕಳ್ಳರಲ್ಲ ಸರ್. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ರಸ್ತೆ ಬದಿ ನಡೆದು ಹೋಗುತ್ತಿದ್ದ ಕೂಲಿಯವನಿಗೆ ಕಾರು ಗುದ್ದಿತು, ಅವನು ಸತ್ತ. ಹೆಂಡತಿಯ ಕೈಯಲ್ಲಿರುವುದು ಒಂದು ನಂಬರ್ ಪ್ಲೇಟ್ ಮಾತ್ರ. ಆರ್‌ಸಿಯಲ್ಲಿರುವವರು "ನಾನು ಅವರಿಗೆ ಮಾರಿದೆ" ಅನ್ನುತ್ತಾರೆ, ಅವರು "ನಾನು ಇವರಿಗೆ ಕೊಟ್ಟೆ" ಅನ್ನುತ್ತಾರೆ, ಕೊನೆಯವನ ವಿಳಾಸವೇ ಸಿಗುವುದಿಲ್ಲ. ಆ ಹೆಂಗಸು ಬಾಂಡ್ ಪೇಪರ್‌ಗಳ ಹಿಂದೆ ಊರೂರು ಅಲೆಯಬೇಕೇ? ಸತ್ತವರ ಮನೆಯವರ ಮೇಲೆ ಆ ಹೊರೆ ಹಾಕಬಾರದು ಅನ್ನುವುದೇ ತೀರ್ಪಿನ ತಿರುಳು. ಮಾರಿದವರಿಗೆ ಕಷ್ಟವಾಗುತ್ತೆ, ಒಪ್ಪುತ್ತೇನೆ. ಆದರೆ ಹೆಸರು ಬದಲಾಗಿದೆಯೋ ಇಲ್ಲವೋ ಅಂತ ನೋಡಿಕೊಳ್ಳುವ ಅವಕಾಶ ಅವರಿಗಿತ್ತು. ಗುದ್ದಿಸಿಕೊಂಡವರಿಗೆ ಯಾವ ಅವಕಾಶವೂ ಇರಲಿಲ್ಲ.

ಹೆಸರು ಬದಲಿ ಕೊಂಡವರ ಕೆಲಸ ಮಾತ್ರ ಅನ್ನುವುದೂ ಸರಿಯಲ್ಲ. ಸೆಕ್ಷನ್ 50 ಇಬ್ಬರಿಗೂ ಕೆಲಸ ಹಚ್ಚಿದೆ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಫಾರ್ಮ್ 29 ಇರುವುದೇ ಅದಕ್ಕೆ. ಬೇರೆ ರಾಜ್ಯಕ್ಕೆ ಹೋದರೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಸಮೇತ 45 ದಿನ. ಕೊಂಡವರಿಗೆ 30 ದಿನ, ಅವರದು ಫಾರ್ಮ್ 30. ಅಂದರೆ 29 ಬ್ರೋಕರ್ ಕೈಗೆ ಕೊಟ್ಟು ಕೂರುವ ಕಾಗದವೇ ಅಲ್ಲ, ಮಾರಿದವರೇ ಕಚೇರಿಗೆ ಮುಟ್ಟಿಸಬೇಕಾದದ್ದು.

ಜೋಳದ ಹೊಲ:
ಆ ಹೆಣ್ಣುಮಗಳ ಮಾತು ಖರೇ ಅದ, ಅದಕ್ಕ ನಾ ಎದುರು ಹೇಳಂಗಿಲ್ಲ. ಆದ್ರ 14 ದಿನದ ವಿಷಯ ಮಾರೂ ಮಂದಿಗೆ ಯಾರು ಹೇಳ್ತಾರ? ಬ್ರೋಕರ್ ಹೇಳಂಗಿಲ್ಲ, ಕಚೇರಿಯಾಗ ಬೋರ್ಡ್ ಇರಂಗಿಲ್ಲ. ಹೊಲ ಮಾರಿದ್ರ ನೋಂದಣಿ ಆದ ಮ್ಯಾಲೆ ಪಹಣಿ ಬದಲಿ ಮಾಡೂ ಕೆಲಸ ತಹಶೀಲ್ದಾರ್ ಕಚೇರಿಗೆ ತಾನಾಗೇ ಹೋಗ್ತದ. ಗಾಡಿಗೆ ಹಂಗ ಯಾಕ ಇಲ್ಲ?

ವಿಮಾ ಸರ್ವೇಯರ್:
ಎಲ್ಲರೂ ಆರ್‌ಸಿ ಹಿಂದೆಯೇ ಇದ್ದೀರಿ. ಮೇಡಂ ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ಇನ್ಶೂರೆನ್ಸ್ ಮುಗಿದಿರುವ ಸಂಗತಿ.

ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ) ಚಾಲ್ತಿಯಲ್ಲಿದ್ದರೆ ಪರಿಹಾರ ಸಾಮಾನ್ಯವಾಗಿ ಕಂಪನಿಯೇ ಕಟ್ಟುತ್ತದೆ. ಸೆಕ್ಷನ್ 157ರ ಪ್ರಕಾರ ವಾಹನ ಕೈ ಬದಲಾದರೆ ವಿಮೆಯೂ ಕೊಂಡವರಿಗೆ ವರ್ಗವಾಯಿತು ಅಂತಲೇ ಲೆಕ್ಕ. ಕೊಂಡವರು 14 ದಿನದಲ್ಲಿ ಕಂಪನಿಗೆ ಅರ್ಜಿ ಕೊಡಬೇಕು. 2011ರ ಪುಷ್ಪಾ ಅಲಿಯಾಸ್ ಲೀಲಾ ಪ್ರಕರಣದಲ್ಲಿ ಲಾರಿ ಮಾರಾಟವಾಗಿತ್ತು, ಆರ್‌ಸಿಯೂ ಪಾಲಿಸಿಯೂ ಹಳೇ ಮಾಲೀಕರ ಹೆಸರಲ್ಲೇ ಇದ್ದವು. ಸುಪ್ರೀಂ ಕೋರ್ಟ್ ಪರಿಹಾರದ ಹೊಣೆಯನ್ನು ವಿಮಾ ಕಂಪನಿಗೆ ಹೊರಿಸಿತು. ಪಾಲಿಸಿಯೇ ಇಲ್ಲದ ದಿನ ಆ ಗೋಡೆ ಇರುವುದಿಲ್ಲ. ಮೊತ್ತ ನೇರ ಚಾಲಕ ಮತ್ತು ನೋಂದಾಯಿತ ಮಾಲೀಕರ ಮೇಲೆ ಬರುತ್ತದೆ, ಮನೆ, ಪೆನ್ಷನ್ ಹಣ ಎಲ್ಲಕ್ಕೂ ಕುತ್ತು.

ಕೊಳ್ಳುವವರೂ ಕೇಳಿಸಿಕೊಳ್ಳಿ. 157ರ ರಕ್ಷಣೆ ಥರ್ಡ್ ಪಾರ್ಟಿಗೆ ಮಾತ್ರ. ನಿಮ್ಮದೇ ಕಾರಿನ ಡ್ಯಾಮೇಜಿಗೆ, ಕಳುವಿಗೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿರಲೇಬೇಕು. ಸುಪ್ರೀಂ ಕೋರ್ಟಿನ 1995ರ ಕಂಪ್ಲೀಟ್ ಇನ್ಸುಲೇಷನ್ಸ್ ತೀರ್ಪಿನಿಂದಲೂ ಇದೇ ನಿಯಮ. ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಕೂಡ ಕಾರಿನ ಜೊತೆ ಬರುವುದಿಲ್ಲ, ಅದು ಮಾರಿದವರದು. ಬೇರೆಯವರ ಹೆಸರಿನ ಪಾಲಿಸಿಯನ್ನೇ ವರ್ಷ ವರ್ಷ ರಿನ್ಯೂ ಮಾಡಿಸಿಕೊಂಡು ಓಡಿಸುವವರು ಕ್ಲೈಮ್ ದಿನ ಬಂದು ಅಳುತ್ತಾರೆ. ಆಗ ನಾವು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಮೂರನೇ ಮಾಲೀಕ:
ಕೊಂಡವರೆಲ್ಲ ಬೇಜವಾಬ್ದಾರರು ಅನ್ನೋ ಹಾಗೆ ಮಾತು ಹೋಗ್ತಾ ಇದೆ. ನಾನು ಕೊಂಡ ಕಾರಿನ ಸಾಲ ಹಳೇ ಮಾಲೀಕರು ತೀರಿಸಿದ್ದರು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ. ಬ್ಯಾಂಕಿಗೆ ಅವರೇ ಹೋಗಬೇಕು, ಅವರಿಗೆ ಪುರುಸೊತ್ತಿಲ್ಲ. ಆನ್‌ಲೈನ್‌ನಲ್ಲಿ ಹಾಕಿದರೆ ಒಟಿಪಿ ಅವರ ನಂಬರಿಗೆ ಹೋಗುತ್ತೆ, ಅವರು ಫೋನ್ ತೆಗೆಯಲ್ಲ. ದುಡ್ಡು ಕೊಟ್ಟವನು ನಾನು, ತಪಾಸಣೆಯಲ್ಲಿ ಪೊಲೀಸರ ಮುಂದೆ ತಲೆ ತಗ್ಗಿಸಿ ನಿಲ್ಲೋನೂ ನಾನು. ಮಾರುವವರು ಹಣ ಎಣಿಸಿಕೊಂಡ ಮೇಲೂ ಫೋನ್ ಎತ್ತಬೇಕು, ಇಷ್ಟೇ ನನ್ನ ಬೇಡಿಕೆ.

ಗೇರ್ ಲಿವರ್:
ಕೋರ್ಟ್ ಹಾಲ್ ಅವರು ಕೊಟ್ಟ ತೀರ್ಪುಗಳ ಮುಂದೆ ನಾನು ವಾದ ಮಾಡಲ್ಲ. ಆದರೆ ನಮ್ಮ ವ್ಯಾಪಾರದಲ್ಲಿ ಇದು ಯಾಕೆ ಹೀಗೆ ನಡೆಯುತ್ತೆ ಅಂತ ಹೇಳಲೇಬೇಕು. ಬ್ರೋಕರ್ ಕೊಂಡ ಕಾರು ಮರುಮಾರಾಟಕ್ಕೆ. ತನ್ನ ಹೆಸರಿಗೆ ಮಾಡಿಸಿಕೊಂಡರೆ ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆ ಒಂದು ಏರುತ್ತೆ, ರೇಟು ಬೀಳುತ್ತೆ. ಅದಕ್ಕೇ ಕೊಂಡವರ ಜಾಗ ಖಾಲಿ ಬಿಟ್ಟು 29, 30ಕ್ಕೆ ಸಹಿ ಪಡೆದು ಇಟ್ಟುಕೊಳ್ಳೋದು. ಗಿರಾಕಿ ಸಿಕ್ಕಾಗ ಅವನ ಹೆಸರು ತುಂಬಿದರೆ ಎಲ್ಲರಿಗೂ ಸಲೀಸು. ಮುಂದಿನ ಗಿರಾಕಿಯೂ ಅದೇ ಕಾಗದ ಇಟ್ಟುಕೊಂಡು ಇನ್ನೊಬ್ಬನಿಗೆ ಕೊಟ್ಟರೆ ಸರಪಳಿ ಶುರು.

ಇದಕ್ಕೆ ಅಂತಲೇ 2022ರ ಡಿಸೆಂಬರ್‌ನಲ್ಲಿ ಕೇಂದ್ರ ನಿಯಮ ತಂದಿತು, 2023ರ ಏಪ್ರಿಲ್ 1ರಿಂದ ಜಾರಿ. ಹಳೇ ವಾಹನದ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು. ಮಾಲೀಕರು ಅಂಥ ಡೀಲರಿಗೆ ಕಾರು ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಡೀಲರೇ ಮಾಲೀಕನೆಂದು ಲೆಕ್ಕ. ಅಧಿಕಾರಪತ್ರ ಪಡೆದವರಿಗೇ ಕಾರು ಕೊಡಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ನಮ್ಮಂಥವರಿಗೂ ಅದರಿಂದಲೇ ಒಳ್ಳೇದು.

ಕೋರ್ಟ್ ಹಾಲ್ 6:
ಇದು ತುಂಬಾ ಉಪಯುಕ್ತ ಮಾಹಿತಿ, ಧನ್ಯವಾದ. ಖಾಲಿ ಫಾರ್ಮಿಗೆ ಸಹಿ ಮಾತ್ರ ಯಾರೂ ಹಾಕಬೇಡಿ. "ಸಲೀಸು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೊಂಡವರ ಹೆಸರು, ವಿಳಾಸ, ದಿನಾಂಕ ಖಾಲಿ ಇದ್ದರೆ ನೀವು ಯಾರಿಗೆ, ಯಾವಾಗ ಮಾರಿದಿರಿ ಅನ್ನುವುದಕ್ಕೇ ಸಾಕ್ಷಿ ಇರುವುದಿಲ್ಲ.

ಪೊಲೀಸ್ ಕೇಸಿನ ವಿಷಯ ಯಾರೂ ಎತ್ತಲಿಲ್ಲ. 2025ರ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹಲವು ಕೈ ಬದಲಾಗಿತ್ತು. ಪೊಲೀಸರು ಆರ್‌ಸಿಯಲ್ಲಿದ್ದ ಹೆಸರಿನಿಂದಲೇ ಹುಡುಕಾಟ ಶುರು ಮಾಡಬೇಕಾಯಿತು. ಅಂಥ ಹೊತ್ತಲ್ಲಿ ಮಾರಾಟದ ದಾಖಲೆ ಇದ್ದವರು ವಿಚಾರಣೆ ಮುಗಿಸಿ ಮನೆಗೆ ಬರುತ್ತಾರೆ, ಇಲ್ಲದವರ ಪಾಡು ಕಷ್ಟ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಸೆಕ್ಷನ್ 199ಎ ಪ್ರಕಾರ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ತನಗೆ ತಿಳಿಯದೇ ಆಯಿತು ಅಂತ ಮಾಲೀಕರೇ ಸಾಬೀತು ಮಾಡಬೇಕು. ಅಲ್ಲೂ ಅದೇ ಕಾಗದ ಬೇಕು.

ಹೊಂಗೆ ನೆರಳು:
ಓದಿ ಕೈ ನಡುಗುತ್ತಿದೆ. ಡೆಲಿವರಿ ನೋಟ್‌ನಲ್ಲಿ ಕೊಂಡವರ ಹೆಸರು, ವಿಳಾಸ, ಸಹಿ ಇದೆ, ಜೊತೆಗೆ ಅವರ ಆಧಾರ್ ಜೆರಾಕ್ಸ್ ಇದೆ. ಹಣ ಬ್ಯಾಂಕ್ ಖಾತೆಗೇ ಬಂದಿತ್ತು. ಈಗ ಏನು ಮಾಡಲಿ?

ಕೋರ್ಟ್ ಹಾಲ್ 6:
ಅಷ್ಟಿದ್ದರೆ ನಿಮ್ಮ ಕೈ ಗಟ್ಟಿಯಾಗಿದೆ. ಮಾವನ ಹೆಸರಲ್ಲಿ ಆರ್‌ಟಿಒಗೆ ಪತ್ರ ಬರೆಯಿರಿ: ಇಂಥ ದಿನ ಇಂಥವರಿಗೆ ಮಾರಿದ್ದೇನೆ, ದಾಖಲೆ ಲಗತ್ತಿಸಿದ್ದೇನೆ, ಈ ವಾಹನದ ಮೇಲೆ ಗುರುತು ಹಾಕಿ ಕೊಂಡವರಿಗೆ ನೋಟಿಸ್ ಕೊಡಿ. ಹೊಸದಾಗಿ ಫಾರ್ಮ್ 29 ತುಂಬಿ ಜೊತೆಗಿಡಿ. ಖುದ್ದಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ 30 ಇಲ್ಲದೆ 29 ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಕೊಂಡವರಿಗೆ ವಕೀಲರ ನೋಟಿಸ್ ಹೋಗಲಿ. ಡೆಲಿವರಿ ನೋಟ್‌ನಲ್ಲಿ ಜವಾಬ್ದಾರಿಯ ಮಾತು ಇದ್ದರೆ, ಮುಂದೆ ಮಾವ ಏನಾದರೂ ಕಟ್ಟಬೇಕಾಗಿ ಬಂದಾಗ ಅದನ್ನು ಕೊಂಡವರಿಂದ ವಸೂಲಿ ಮಾಡಲು ಕರಾರು ಕಾಯ್ದೆಯಲ್ಲಿ ದಾರಿ ಇದೆ.

ಆದರೆ ಮುಚ್ಚಿಡದೆ ಹೇಳುತ್ತೇನೆ: ಈ ಪತ್ರಗಳೆಲ್ಲ ಸಾಕ್ಷಿಯಾಗುತ್ತವೆ, ಸೆಕ್ಷನ್ 2(30) ಹೇಳುವ ಮಾಲೀಕತ್ವ ಹೆಸರು ಬದಲಾಗುವವರೆಗೂ ಮಾವನದೇ. ಆದ್ದರಿಂದ ಕೊಂಡವರನ್ನು ಹುಡುಕಿ ಫಾರ್ಮ್ 30 ಹಾಕಿಸುವುದೇ ಮುಖ್ಯ ಕೆಲಸ. ಜಗಳ ಆಮೇಲೆ ಮಾಡಬಹುದು, ಮೊದಲು ಸಹಿ.

ಜೋಳದ ಹೊಲ:
ಮಾರಿದಾವ 29 ಕೊಟ್ಟ ದಿನಾನೇ ಅವನ ಹೊಣೆ ಮುಗೀಬೇಕು, ಕಂಪ್ಯೂಟರಿನಾಗ "ಮಾರಾಟ ಆಗೇದ" ಅಂತ ಬೀಳಬೇಕು. ಡೀಲರಿಗೆ ಕೊಟ್ರ ಆ ಸೌಲಭ್ಯ ಅದ, ಸಾದಾ ಮನಿಶಾಗ ಕೊಟ್ರ ಯಾಕ ಇಲ್ಲ? ಈ ಕಾನೂನು ತಿದ್ದೂತನಕ ನಾ ಕೇಳೂದು ಬಿಡಂಗಿಲ್ಲ.

ಕೋರ್ಟ್ ಹಾಲ್ 6:
ಈ ಒಂದು ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಆದರೆ ವಿಮೆ ಇಲ್ಲದ ಗಾಡಿಯಿಂದ ಸತ್ತವರ ಮನೆಯವರಿಗೆ ಆಗ ಯಾರು ಕೊಡಬೇಕು ಅನ್ನುವುದನ್ನೂ ಅದೇ ತಿದ್ದುಪಡಿಯಲ್ಲಿ ಬರೆದಿರಬೇಕು.

ವಿಮಾ ಸರ್ವೇಯರ್:
ಮೇಡಂ, ಕೊಂಡವರು ಸಿಕ್ಕ ದಿನವೇ ಮೊದಲು ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಲು ಹೇಳಿ, ಆರ್‌ಟಿಒ ಕೆಲಸಕ್ಕೂ ಅದು ಬೇಕೇ ಬೇಕು. ಮಾವನ ಬ್ಯಾಂಕ್ ಖಾತೆಗೆ ಜೋಡಿಸಿದ ಫಾಸ್ಟ್ಯಾಗ್ ಆ ಕಾರಿನಲ್ಲಿ ಇನ್ನೂ ಇದ್ದರೆ ಇವತ್ತೇ ಮುಚ್ಚಿಸಿ. ಮುಚ್ಚಿಸುವ ಮುಂಚೆ ಅದರ ಟೋಲ್ ಸ್ಟೇಟ್‌ಮೆಂಟ್ ತೆಗೆಯಿರಿ, ಕಾರು ಈಗ ಯಾವ ರಸ್ತೆಯಲ್ಲಿ ಓಡಾಡುತ್ತಿದೆ ಅಂತ ಅದರಿಂದ ತಿಳಿಯಬಹುದು.

ಹೊಂಗೆ ನೆರಳು:
ಸ್ಟೇಟ್‌ಮೆಂಟ್ ಈಗಷ್ಟೇ ತೆಗೆದೆ. ಹೋದ ವಾರವೂ ಅದೇ ಟೋಲ್ ದಾಟಿದೆ, ಆಧಾರ್‌ನಲ್ಲಿರುವ ಊರಿನ ಪಕ್ಕದ್ದೇ. ನಾಳೆ ನಾನೂ ಯಜಮಾನರೂ ಆ ವಿಳಾಸಕ್ಕೆ ಹೋಗಿ ಬರುತ್ತೇವೆ, ಆರ್‌ಟಿಒ ಪತ್ರಕ್ಕೆ ಮಾವ ಇವತ್ತು ರಾತ್ರಿಯೇ ಸಹಿ ಹಾಕುತ್ತಾರಂತೆ.

ಗೇರ್ ಲಿವರ್:
ಹೋಗುವಾಗ ಖಾಲಿ ಫಾರ್ಮ್ 29, 30 ಎರಡೆರಡು ಪ್ರತಿ ಜೊತೆಗಿರಲಿ ಮೇಡಂ. ಪತ್ರದಲ್ಲಿ ನೋಂದಣಿ ಸಂಖ್ಯೆ ಜೊತೆ ಚಾಸಿಸ್, ಇಂಜಿನ್ ನಂಬರನ್ನೂ ಬರೆಯಿರಿ. ಹಳೇ ಪಾಲಿಸಿ ಪ್ರತಿಯಲ್ಲಿ ಎರಡೂ ಸಿಗುತ್ತವೆ.